ಅಂಕಗಳ ಲೆಡ್ಜರಿಗೆ ಬದಲಿ ಇಲ್ಲ: ವಿಶ್ವವಿದ್ಯಾಲಯದ ಕಡತ, ವಹಿಗಳನ್ನು ಇಡುವ, ತೆಗೆಯುವ ಕ್ರಮ

1994ರಲ್ಲಿ ಕಲಬುರಗಿಯಲ್ಲಿ ಬಿ.ಇ. ಮುಗಿಸಿದವರು ಇವತ್ತು ಟ್ರಾನ್ಸ್‌ಕ್ರಿಪ್ಟ್‌ (ಎಲ್ಲ ವರ್ಷದ ಅಂಕಗಳ ದೃಢೀಕೃತ ಪಟ್ಟಿ) ಕೇಳಿಕೊಂಡು ಬೆಳಗಾವಿಗೆ ಹೋದರೆ ಬರಿಗೈಲಿ ಮರಳಬೇಕು. ಅಲ್ಲಿನ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಶುರುವಾದದ್ದೇ 1998ರಲ್ಲಿ. ಅವರ ಅಂಕಗಳಿರುವುದು ಗುಲ್ಬರ್ಗಾ ವಿಶ್ವವಿದ್ಯಾಲಯದ ಲೆಡ್ಜರಿನಲ್ಲಿ. ಆಗಿನ ಗುಮಾಸ್ತರು ವಹಿಯ ಬೆನ್ನ ಮೇಲೆ ಕೋರ್ಸು, ತಿಂಗಳು, ವರ್ಷ ಬರೆದು ಒಣ ಜಾಗದಲ್ಲಿ ಇಟ್ಟಿದ್ದರೆ ಹುಡುಕುವುದು ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಮೂರು ಜನ ಒಂದು ವಾರ ಧೂಳು ಕುಡಿಯಬೇಕು.

ವಿಶ್ವವಿದ್ಯಾಲಯದ ಕಚೇರಿಗೂ ಬೇರೆ ಸರ್ಕಾರಿ ಕಚೇರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಪದವಿ ಕೊಟ್ಟ ಸಂಸ್ಥೆ ಆ ಮನುಷ್ಯ ಬದುಕಿರುವವರೆಗೂ ಅದಕ್ಕೆ ಸಾಕ್ಷಿ ಹೇಳಬೇಕು. ಹಾಗೆಂದು ಎಲ್ಲ ಕಾಗದವನ್ನೂ ಶಾಶ್ವತವಾಗಿ ಇಡುತ್ತ ಹೋದರೆ ಇಪ್ಪತ್ತು ವರ್ಷದ ಟಪಾಲು ಪುಸ್ತಕ, ಹಳೆಯ ಕೊಟೇಶನ್ನು, ಪ್ರವಾಸ ಭತ್ಯೆಯ ಬಿಲ್ಲುಗಳ ಅಡಿಯಲ್ಲಿ ಲೆಡ್ಜರು ಹೂತುಹೋಗುತ್ತದೆ. ಏನನ್ನು ಎಷ್ಟು ವರ್ಷ ಇಡಬೇಕು ಎಂಬುದನ್ನು ಕಡತ ತೆರೆದ ದಿನವೇ ತೀರ್ಮಾನಿಸಬೇಕು. ರ್‍ಯಾಕು ತುಂಬಿ ತುಳುಕಿದ ಮೇಲೆ ಕೂತು ಆರಿಸಿದರೆ ತಪ್ಪುವುದು ಖಂಡಿತ.

ಮೊದಲು, ಯಾರ ದಾಖಲೆ ಯಾರ ಹತ್ತಿರ

ಕಲಬುರಗಿ, ಬೀದರ್, ಯಾದಗಿರಿಗಳಷ್ಟು ಸಲ ಕೈ ಬದಲಾದ ಶೈಕ್ಷಣಿಕ ದಾಖಲೆಗಳು ಕರ್ನಾಟಕದಲ್ಲಿ ಕಡಿಮೆ. ಹೈದರಾಬಾದ್ ರಾಜ್ಯದ ಕಾಲದ ಉನ್ನತ ಶಿಕ್ಷಣದ ಕಾಗದಗಳ ಜಾಡು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಭಾಷೆ ಬಹುಪಾಲು ಉರ್ದು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ 1980ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. 1980ರಿಂದ ಗುಲ್ಬರ್ಗಾ ವಿಶ್ವವಿದ್ಯಾಲಯ. ವೈದ್ಯಕೀಯ ಕೋರ್ಸುಗಳು 1996ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್ 1998ರಲ್ಲಿ ವಿಟಿಯುಗೆ ಹೋದವು. ಬೀದರಿನ ಪಶುವೈದ್ಯಕೀಯ ಕಾಲೇಜು ಮೊದಲು ಕೃಷಿ ವಿಶ್ವವಿದ್ಯಾಲಯದ ಅಡಿ ಇತ್ತು. 2004ರ ಅಧಿನಿಯಮದಿಂದ ಬೀದರಿನಲ್ಲೇ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ಭೀಮರಾಯನಗುಡಿಯ ಕೃಷಿ ಕಾಲೇಜು ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿದೆ. ಯಾದಗಿರಿ ಜಿಲ್ಲೆಯ ಪದವಿ ಕಾಲೇಜುಗಳು ರಾಯಚೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು, ಬೀದರಿಗೆ 2023ರಲ್ಲಿ ತನ್ನದೇ ವಿಶ್ವವಿದ್ಯಾಲಯವಾಯಿತು.

ಪ್ರತಿ ಕಾಲೇಜು ಕಚೇರಿಯೂ ಮೊದಲು ಮಾಡಬೇಕಾದ್ದು ಒಂದು ಪುಟದ ಪಟ್ಟಿ: ಯಾವ ಕೋರ್ಸು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ವಿಶ್ವವಿದ್ಯಾಲಯ. ಅದನ್ನು ಕೌಂಟರಿನ ಗಾಜಿಗೆ ಅಂಟಿಸಿ. ಅರ್ಧ ಜನ ಅದನ್ನು ಓದಿಯೇ ಸರಿಯಾದ ದಾರಿ ಹಿಡಿಯುತ್ತಾರೆ. ಸಂಯೋಜನೆ ಬದಲಾದ ವರ್ಷಗಳಲ್ಲಿ ಎಚ್ಚರ ಬೇಕು: ಹೊಸ ವಿಶ್ವವಿದ್ಯಾಲಯ ಬಂದ ವರ್ಷ ಮೊದಲ ಸೆಮಿಸ್ಟರಿನವರು ಹೊಸದಕ್ಕೆ ಸೇರುತ್ತಾರೆ, ಮೂರನೆಯ, ಐದನೆಯ ಸೆಮಿಸ್ಟರಿನವರು ಹಳೆಯದರಲ್ಲೇ ಮುಗಿಸುತ್ತಾರೆ. ಒಂದೇ ಕಾಲೇಜು, ಒಂದೇ ವರ್ಷ, ಎರಡು ಲೆಡ್ಜರು. ಬಾಕಿ ಉಳಿಸಿಕೊಂಡವರದು ಇನ್ನೂ ಎಳೆಯುತ್ತದೆ. ಹಳೆಯ ವಿಶ್ವವಿದ್ಯಾಲಯ ಅವರಿಗೆ ಕೊನೆಯ ಅವಕಾಶ ಕೊಟ್ಟ ಸುತ್ತೋಲೆಯನ್ನೂ ಈ ಪಟ್ಟಿಯ ಜೊತೆ ಇಡಿ.

ದಾಖಲೆಗಳನ್ನೇ ಹಸ್ತಾಂತರಿಸುವ ಪ್ರಸಂಗ ಬಂದರೆ ಬಸ್ತಾ ಎಣಿಸಿ ಕೊಟ್ಟರೆ ಸಾಲದು. ವಹಿವಾರು ಪಟ್ಟಿ, ಪ್ರತಿ ವಹಿಯ ಮೊದಲ ಮತ್ತು ಕೊನೆಯ ನೋಂದಣಿ ಸಂಖ್ಯೆ, ಪುಟಗಳ ಸಂಖ್ಯೆ, ಹರಿದ ಅಥವಾ ಇಲ್ಲದ ಪುಟಗಳ ವಿವರ, ಎರಡೂ ಕಡೆಯ ಸಹಿ ಬೇಕು. ಕಳುಹಿಸುವ ಮೊದಲು ಸ್ಕ್ಯಾನ್ ಮಾಡಿಕೊಳ್ಳಿ. ಲಾರಿ ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕಡತ ತೆರೆಯುವಾಗಲೇ ವರ್ಗ

ರಾಜ್ಯ ಸರ್ಕಾರದ ಕಚೇರಿ ಪದ್ಧತಿಯಲ್ಲಿ ಐದು ವರ್ಗಗಳಿವೆ: ಎ ಶಾಶ್ವತ, ಬಿ 30 ವರ್ಷ, ಸಿ 10 ವರ್ಷ, ಡಿ 5 ವರ್ಷ, ಇ 1 ವರ್ಷ. ಮಾಹಿತಿ ಹಕ್ಕು ಅಧಿನಿಯಮ 2005ರ 4(1)(ಎ) ಪ್ರಕರಣದ ಪ್ರಕಾರ ಕಡತಗಳ ಪಟ್ಟಿ, ಸೂಚಿ ಮಾಡುವುದು ಕಡ್ಡಾಯವಾದ್ದರಿಂದ ಇದೇ ವರ್ಗಗಳನ್ನು ಬಳಸಿದರೆ ಎರಡು ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಕಡತದ ಮುಖಪುಟದಲ್ಲಿ ಐದು ಸಂಗತಿ ಇರಲಿ: ವಿಭಾಗದ ಸಂಕೇತ, ವಿಷಯ ಸಂಕೇತ, ಕ್ರಮ ಸಂಖ್ಯೆ ಮತ್ತು ವರ್ಷ, ವಿಷಯ ಶೀರ್ಷಿಕೆ, ವರ್ಗ. ಮುಕ್ತಾಯದ ದಿನಾಂಕಕ್ಕೆ ಖಾಲಿ ಜಾಗ ಬಿಡಿ.

ಶೀರ್ಷಿಕೆಯಲ್ಲೇ ಹೆಚ್ಚಿನವರು ಸೋಲುತ್ತಾರೆ. ‘ಇತರೆ ಪತ್ರ ವ್ಯವಹಾರ’, ‘ಸಾಮಾನ್ಯ’, ‘ಪರೀಕ್ಷೆ ಕುರಿತು’ ಎಂದು ಬರೆದ ಕಡತವನ್ನು ಹತ್ತು ವರ್ಷದ ನಂತರ ಯಾರೂ ಹುಡುಕಲಾರರು, ಯಾರೂ ಧೈರ್ಯವಾಗಿ ನಾಶ ಮಾಡಲೂ ಆರರು. ‘ಬಿ.ಎ. ಎರಡನೇ ಸೆಮಿಸ್ಟರ್, ಮೇ 2018, ಇತಿಹಾಸ ಪತ್ರಿಕೆ, ಮರುಮೌಲ್ಯಮಾಪನ ಫಲಿತಾಂಶ ತಿದ್ದುಪಡಿ’ ಎಂದಿದ್ದರೆ ಎರಡೂ ಸಾಧ್ಯ. ಒಂದು ಕಡತಕ್ಕೆ ಒಂದೇ ವಿಷಯ. ನೇಮಕಾತಿಯ ಕಡತದಲ್ಲಿ ಕುರ್ಚಿ ಖರೀದಿಯ ಟಿಪ್ಪಣಿ ಸೇರಿಸಿದರೆ ಹತ್ತು ವರ್ಷ ಇಡುವ ಕಾಗದ ಶಾಶ್ವತವಾಗಿ ಕೂರುತ್ತದೆ.

ಅವಧಿ ಎಣಿಸುವುದು ಮುಕ್ತಾಯದಿಂದ, ಆರಂಭದಿಂದಲ್ಲ. ಉದಾಹರಣೆಗೆ ವಿದ್ಯಾರ್ಥಿವೇತನದ ಕಡತ 2016ರಲ್ಲಿ ತೆರೆಯಿತು, ಕೊನೆಯ ಬಳಕೆ ಪ್ರಮಾಣಪತ್ರ 2019ರಲ್ಲಿ ಹೋಯಿತು, ಆಡಿಟ್ ಆಕ್ಷೇಪಣೆ 2022ರಲ್ಲಿ ತೀರುವಳಿಯಾಯಿತು. ಸಿ ವರ್ಗದ ಹತ್ತು ವರ್ಷ 2022ರಿಂದ. 2032 ಮುಗಿಯುವ ಮೊದಲು ಮುಟ್ಟುವ ಹಾಗಿಲ್ಲ. 2026ಕ್ಕೆ ಅವಧಿ ಮುಗಿಯಿತೆಂದು ಲೆಕ್ಕ ಹಾಕಿದರೆ ತಪ್ಪು. ಮುಕ್ತಾಯ ಮಾಡದೇ ಬಿಟ್ಟ ಕಡತದ ಗಡಿಯಾರ ಓಡುವುದೇ ಇಲ್ಲ. ಹಾಗಾಗಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಎರಡು ದಿನ ಮೀಸಲಿಟ್ಟು, ಒಂದು ವರ್ಷದಿಂದ ಅಲುಗದ ಕಡತಗಳನ್ನು ತೆಗೆದು, ಪುಟ ಸಂಖ್ಯೆ ಹಾಕಿ, ಮುಕ್ತಾಯ ಮಾಡಿ ರೆಕಾರ್ಡ್ ರೂಮಿಗೆ ಕಳುಹಿಸಿ.

ಯಾವುದು ಎಷ್ಟು ಕಾಲ

ಇಲ್ಲಿ ಹೇಳುವುದು ನಮ್ಮ ಸಲಹೆ. ನಿಮ್ಮ ವಿಶ್ವವಿದ್ಯಾಲಯದ ಸಿಂಡಿಕೇಟ್ (ಆಡಳಿತ ಮಂಡಳಿ) ಒಪ್ಪಿದ ಪಟ್ಟಿ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಕರಡು ಮಾಡಿ ಒಪ್ಪಿಗೆ ಪಡೆಯುವುದೇ ಮೊದಲ ಕೆಲಸ. ಒಪ್ಪಿಗೆಯಿಲ್ಲದ ಪಟ್ಟಿ ಹಿಡಿದು ಒಂದು ಹಾಳೆಯನ್ನೂ ನಾಶ ಮಾಡಬೇಡಿ.

ಶಾಶ್ವತದ ಸಾಲಿನಲ್ಲಿ ಮೊದಲನೆಯದು ಅಂಕಗಳ ಲೆಡ್ಜರು. ಅಂಕಪಟ್ಟಿ, ಪದವಿ ಪ್ರಮಾಣಪತ್ರ ಡಿಜಿಲಾಕರಿಗೆ ಹೋಗಿವೆಯಲ್ಲ, ಇನ್ನು ಲೆಡ್ಜರು ಯಾಕೆ ಎಂದು ಕೇಳುವವರಿದ್ದಾರೆ. ಪ್ರಮಾಣಪತ್ರ ಹೇಳುವುದು ಕೊನೆಯ ಫಲಿತಾಂಶವನ್ನು ಮಾತ್ರ. ಎಷ್ಟನೇ ಪ್ರಯತ್ನದಲ್ಲಿ ಪಾಸು, ಕೃಪಾಂಕ ಎಷ್ಟು, ಮರುಮೌಲ್ಯಮಾಪನದಲ್ಲಿ ಏನು ಬದಲಾಯಿತು, ಯಾವ ಆದೇಶದ ಮೇಲೆ ತಡೆಹಿಡಿದ ಫಲಿತಾಂಶ ಬಿಡುಗಡೆಯಾಯಿತು, ಇವೆಲ್ಲ ಲೆಡ್ಜರಿನ ಅಂಚಿನಲ್ಲಿರುತ್ತವೆ. ನಕಲಿ ಅಂಕಪಟ್ಟಿ ಸಿಕ್ಕಿಬಿದ್ದಾಗ ಪೊಲೀಸರು ಕೇಳುವುದೂ ಅದನ್ನೇ. ತಿದ್ದುಪಡಿ ಮಾಡುವಾಗ ಹಳೆಯ ಅಂಕದ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಹೊಸ ಅಂಕ, ಆದೇಶ ಸಂಖ್ಯೆ, ದಿನಾಂಕ, ಇಬ್ಬರ ಕಿರುಸಹಿ. ವೈಟ್ನರ್ ಬಳಿದ ಜಾಗ ನ್ಯಾಯಾಲಯದಲ್ಲಿ ಅನುಮಾನಕ್ಕೆ ಎಡೆ ಮಾಡುತ್ತದೆ, ಹತ್ತು ವರ್ಷದಲ್ಲಿ ಸಿಪ್ಪೆಯಾಗಿ ಉದುರಿಯೂ ಹೋಗುತ್ತದೆ.

ಅದೇ ಸಾಲಿನಲ್ಲಿ ಪ್ರವೇಶ ರಿಜಿಸ್ಟರು, ಘಟಿಕೋತ್ಸವದ ಪದವೀಧರರ ವಹಿ, ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತಿನ ನಡವಳಿಗಳು, ಸಂಯೋಜನೆ ಆದೇಶಗಳು, ಪಿಎಚ್.ಡಿ. ಪ್ರಬಂಧದ ಒಂದು ಮುದ್ರಿತ ಪ್ರತಿ, ಭೂಸ್ವಾಧೀನದ ಕಾಗದ, ಸರ್ವೆ ನಕ್ಷೆ, ಕಟ್ಟಡದ ನಕ್ಷೆಗಳು. ಹಲವರು ಮರೆಯುವುದು ಪಠ್ಯಕ್ರಮವನ್ನು. ವಿದೇಶದ ಮೌಲ್ಯಮಾಪನ ಸಂಸ್ಥೆಗಳು, ಹೊರರಾಜ್ಯದ ನೇಮಕಾತಿ ಮಂಡಳಿಗಳು ‘ಅಭ್ಯರ್ಥಿ ಓದಿದ ವರ್ಷದ ಪಠ್ಯಕ್ರಮ’ ಕೇಳುತ್ತವೆ. ಈಗಿನದನ್ನು ದೃಢೀಕರಿಸಿ ಕೊಟ್ಟರೆ ಅದು ಸುಳ್ಳು ದಾಖಲೆ. ಪ್ರತಿ ಪರಿಷ್ಕರಣೆಯ ಎರಡು ಪ್ರತಿ ಬೈಂಡ್ ಮಾಡಿಸಿ, ಯಾವ ಶೈಕ್ಷಣಿಕ ವರ್ಷದಿಂದ ಜಾರಿ ಎಂದು ಮುಖಪುಟದಲ್ಲಿ ಬರೆದಿಡಿ. ಪ್ರಶ್ನೆಪತ್ರಿಕೆಯದು ಒಂದೊಂದು ಪ್ರತಿ ಸಾಕು.

ಉತ್ತರಪತ್ರಿಕೆ ಇದಕ್ಕೆ ತದ್ವಿರುದ್ಧ: ಗಾತ್ರ ಅಪಾರ, ಬಾಳಿಕೆ ಅಲ್ಪ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದದ 32 ಪುಟದ ಒಂದು ಪುಸ್ತಿಕೆ ಸುಮಾರು 70 ಗ್ರಾಂ. ಒಂದು ಲಕ್ಷ ಪುಸ್ತಿಕೆಗೆ 7 ಟನ್. ಮರುಎಣಿಕೆ, ಮರುಮೌಲ್ಯಮಾಪನ, ಛಾಯಾಪ್ರತಿ ಕೊಡುವ ಅವಧಿ ಮುಗಿದು, ನಿಮ್ಮ ನಿಯಮದ ಅವಧಿ ತೀರಿದ ಮೇಲೆ ಇವನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೆ ಅವಧಿಯನ್ನು ನಿಯಮದಲ್ಲೇ ಬರೆದಿರಬೇಕು. 2011ರಲ್ಲಿ ಸುಪ್ರೀಂ ಕೋರ್ಟು ಪರೀಕ್ಷಾರ್ಥಿಗೆ ತನ್ನ ಉತ್ತರಪತ್ರಿಕೆ ನೋಡುವ ಹಕ್ಕಿದೆ ಎಂದು ಹೇಳಿತು; ಸಂಸ್ಥೆ ಉತ್ತರಪತ್ರಿಕೆ ಇಡಬೇಕಾದ ಅವಧಿಯವರೆಗೆ ಮಾತ್ರ ಆ ಹಕ್ಕು ಎಂದೂ ಅದೇ ತೀರ್ಪಿನಲ್ಲಿದೆ. ಬರೆದ ಅವಧಿಯೇ ಇಲ್ಲದಿದ್ದರೆ ‘ನಾಶ ಮಾಡಿದ್ದೇವೆ’ ಎಂಬ ಉತ್ತರ ನಿಲ್ಲುವುದಿಲ್ಲ.

ಸಿಬ್ಬಂದಿಯ ಕಾಗದಗಳಲ್ಲಿ ಎರಡು ಕಡೆ ಕೈ ಬಿಗಿಹಿಡಿಯಿರಿ. ಒಂದು, ಮೀಸಲಾತಿ ರೋಸ್ಟರ್ ವಹಿ, ಅಂದರೆ ಯಾವ ಹುದ್ದೆ ಯಾವ ವರ್ಗಕ್ಕೆ ಎಂದು ಸರದಿಯಲ್ಲಿ ಗುರುತಿಸಿದ ವಹಿ. ಇಲ್ಲಿ ಸಾಮಾನ್ಯ ರೋಸ್ಟರಿನ ಜೊತೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಮಿನ ಸ್ಥಳೀಯ ವೃಂದವೂ ಇದೆ: ಎ ಮತ್ತು ಬಿ ಗುಂಪಿನ ಹುದ್ದೆಗಳಿಗೆ ಶೇ. 75, ಸಿ ಗುಂಪಿಗೆ 80, ಡಿ ಗುಂಪಿಗೆ 85. ಒಂದು ಬಿಂದು ತಪ್ಪಿದರೆ ಹದಿನೈದು ವರ್ಷದ ನಂತರವೂ ಬಡ್ತಿಯ ಪ್ರಶ್ನೆಯಾಗಿ ಎದ್ದುಬರುತ್ತದೆ. ವಹಿಯ ಜೊತೆ ಆಯಾ ನೇಮಕಾತಿಯ ಅಧಿಸೂಚನೆ, ಆಯ್ಕೆಪಟ್ಟಿ, ಅರ್ಹತಾ ಪ್ರಮಾಣಪತ್ರಗಳ ಪರಿಶೀಲನಾ ವರದಿ ಶಾಶ್ವತವಾಗಿ ಇರಲಿ. ರಾಜ್ಯದ ಹೊಸ ಪಿಂಚಣಿ ಯೋಜನೆ 1-4-2006ರಿಂದ ಸೇರಿದವರಿಗೆ ಅನ್ವಯಿಸುವುದರಿಂದ ಅದರ ಹಿಂದುಮುಂದಿನ ನೇಮಕಾತಿಗಳಲ್ಲಿ ಅಧಿಸೂಚನೆಯ ದಿನಾಂಕ, ವರದಿ ಮಾಡಿಕೊಂಡ ದಿನಾಂಕ ಎರಡೂ ಚಿನ್ನದಂಥವು. ಎರಡು, ದಿನಗೂಲಿಯವರು ಮತ್ತು ಅತಿಥಿ ಉಪನ್ಯಾಸಕರ ಹಾಜರಾತಿ, ಗೌರವಧನದ ಬಿಲ್ಲುಗಳು. ಸಾದಿಲ್ವಾರು (ಚಿಲ್ಲರೆ) ವೆಚ್ಚವೆಂದು ಇವನ್ನು ಐದು ವರ್ಷಕ್ಕೆ ರದ್ದಿಗೆ ಹಾಕುವುದು ರೂಢಿ. ಸಕ್ರಮಾತಿಯ ಅರ್ಜಿ ಬರುವುದು ಇಪ್ಪತ್ತು ವರ್ಷದ ಮೇಲೆ. ಬಿ ವರ್ಗದಲ್ಲಿಡಿ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ವೇತನ ಬಿಲ್ ರಿಜಿಸ್ಟರಿಗೆ 35 ವರ್ಷ ಇಟ್ಟಿರುವುದು ಸುಮ್ಮನೆ ಅಲ್ಲ.

ಉಳಿದವು ಸರಳ. ಖರೀದಿ, ಟೆಂಡರು ಆಡಿಟ್ ತೀರುವಳಿಯಾಗಿ ಸಿ. ರಜೆ ಅರ್ಜಿ, ವಾಹನದ ಲಾಗ್ ಪುಸ್ತಕ ಡಿ. ಆಹ್ವಾನ ಪತ್ರ, ಮಾಹಿತಿಗಾಗಿ ಬಂದ ಸುತ್ತೋಲೆಯ ಹೆಚ್ಚುವರಿ ಪ್ರತಿ ಇ.

ಕೆಂಪು ಚೀಟಿ

ಅವಧಿ ಮುಗಿದರೂ ಮುಟ್ಟಬಾರದ ಕಡತಗಳಿವೆ: ನ್ಯಾಯಾಲಯದಲ್ಲಿರುವವು, ಲೋಕಾಯುಕ್ತ ಅಥವಾ ಇಲಾಖಾ ವಿಚಾರಣೆಯವು, ಬಾಕಿ ಆಡಿಟ್ ಆಕ್ಷೇಪಣೆಯವು, ಮಾಹಿತಿ ಹಕ್ಕಿನ ಅರ್ಜಿ ಅಥವಾ ಮೇಲ್ಮನವಿ ಇರುವವು. ಬೆನ್ನಿಗೆ ಕೆಂಪು ಚೀಟಿ ಅಂಟಿಸಿ, ಪ್ರಕರಣ ಸಂಖ್ಯೆ ಬರೆಯಿರಿ. ಸಂಖ್ಯೆಯನ್ನು ಪೂರ್ತಿ ಬರೆಯುವುದು ಮುಖ್ಯ. ಹೈಕೋರ್ಟಿನ ಕಲಬುರಗಿ ಸಂಚಾರಿ ಪೀಠ 2008ರಲ್ಲಿ ಬಂದು 2013ರಲ್ಲಿ ಕಾಯಂ ಆಯಿತು. ಇಲ್ಲಿನ ರಿಟ್ ಅರ್ಜಿಗಳ ಸಂಖ್ಯೆ ಎರಡು ಲಕ್ಷದ ಸರಣಿಯಲ್ಲಿರುತ್ತದೆ, ಧಾರವಾಡದ್ದು ಒಂದು ಲಕ್ಷದ ಸರಣಿ. ಒಂದು ಅಂಕಿ ಬಿಟ್ಟರೆ ಬೇರೆಯೇ ಪೀಠದ ಬೇರೆಯೇ ಪ್ರಕರಣ ಸಿಗುತ್ತದೆ. ಕಾನೂನು ಕೋಶ ವರ್ಷಕ್ಕೆರಡು ಸಲ ಇತ್ಯರ್ಥವಾದ ಪ್ರಕರಣಗಳ ಪಟ್ಟಿ ಕೊಡಬೇಕು, ಮೇಲ್ಮನವಿಯ ಅವಧಿ ಕಳೆದ ಮೇಲೆ ಮಾತ್ರ ಚೀಟಿ ಕೀಳಬೇಕು. ‘ಕಡತ ಸಿಗುತ್ತಿಲ್ಲ’ ಎಂಬುದು ಮಾಹಿತಿ ಹಕ್ಕಿನ ವಿನಾಯಿತಿಗಳಲ್ಲಿ ಎಲ್ಲೂ ಇಲ್ಲ. ತಡವಾದ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳುವುದು ಮಾಹಿತಿ ಅಧಿಕಾರಿಯ ಸ್ವಂತ ಜೇಬಿಗೆ.

ಕೋಣೆ: ಬಿಸಿಲು, ಎರೆಮಣ್ಣು, ಗೆದ್ದಲು

ದಾಖಲೆ ಕೋಣೆ ಎಂದರೆ ಉಳಿದ ಕೋಣೆ ಎಂದೇ ಎಷ್ಟೋ ಕಡೆ ಅರ್ಥ: ಮೆಟ್ಟಿಲ ಕೆಳಗಿನದು, ಶೌಚಾಲಯದ ಪಕ್ಕದ್ದು, ಮೇಲಂತಸ್ತಿನ ತಗಡಿನ ಶೆಡ್ಡು. ಮೂರೂ ಬೇಡ. ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ ಇದ್ದಾಗ ತಗಡಿನ ಕೆಳಗೆ ಇನ್ನೂ ಹೆಚ್ಚು. ಆ ಶಾಖಕ್ಕೆ ಕಾಗದ ಗರಿಗರಿಯಾಗಿ ಮಡಿಕೆಯಲ್ಲೇ ಮುರಿಯುತ್ತದೆ, ಬೈಂಡಿಂಗಿನ ಗೋಂದು ಬಿಡುತ್ತದೆ. ಪಶ್ಚಿಮದ ಬಿಸಿಲು ಬೀಳುವ ಗೋಡೆ ಇಲ್ಲದ, ನೆಲಮಹಡಿಯ, ಆದರೆ ಸುತ್ತಲಿನ ನೆಲಕ್ಕಿಂತ ಎರಡು-ಮೂರು ಅಡಿ ಎತ್ತರದ ಕೋಣೆ ಆರಿಸಿ. ಮೇಲಂತಸ್ತು ಯಾಕೆ ಬೇಡ ಎಂದರೆ ಭಾರ. 75 ಜಿಎಸ್‌ಎಂನ 500 ಎ4 ಹಾಳೆಗಳ ಒಂದು ರೀಮು 2.34 ಕೆ.ಜಿ., ದಪ್ಪ ಸುಮಾರು 5 ಸೆಂ.ಮೀ.; ಒತ್ತಾಗಿ ಜೋಡಿಸಿದ ಒಂದು ಮೀಟರ್ ಕಾಗದ 45 ಕೆ.ಜಿ. ದಾಟುತ್ತದೆ. 90 ಸೆಂ.ಮೀ. ಅಗಲದ ಐದು ಅಂತಸ್ತಿನ ಒಂದು ರ್‍ಯಾಕು ಎಂದರೆ 200 ಕೆ.ಜಿ. ಅಂಥ ಮೂವತ್ತು ರ್‍ಯಾಕು, ಅದರಲ್ಲೂ ಹಳಿಯ ಮೇಲೆ ಸರಿದು ಒಂದಕ್ಕೊಂದು ಕೂಡುವ ಕಾಂಪ್ಯಾಕ್ಟರು, ಸಾಮಾನ್ಯ ಕಚೇರಿಯ ನೆಲಕ್ಕೆ ಹೇಳಿಮಾಡಿಸಿದ ಭಾರವಲ್ಲ. ಎಂಜಿನಿಯರಿಂಗ್ ವಿಭಾಗದ ಸಹಿಯಿಲ್ಲದೆ ಮಹಡಿಯ ಮೇಲೆ ಹತ್ತಿಸಬೇಡಿ.

ಉಷ್ಣಾಂಶ 20ರಿಂದ 25 ಡಿಗ್ರಿ, ಆರ್ದ್ರತೆ ಶೇ. 45ರಿಂದ 55 ಎಂದು ಪುಸ್ತಕ ಹೇಳುತ್ತದೆ. ಹಗಲು ಎಂಟು ಗಂಟೆ ಎಸಿ ಹಾಕಿ ರಾತ್ರಿ ಆರಿಸಿದರೆ ಕಾಗದ ದಿನವೂ ಹಿಗ್ಗಿ ಕುಗ್ಗುತ್ತದೆ. ಅದಕ್ಕಿಂತ ದಪ್ಪ ಗೋಡೆಯ, ದಿನವಿಡೀ 30ರ ಸುತ್ತ ಸ್ಥಿರವಾಗಿರುವ ಕೋಣೆ ಮೇಲು. ಇಲ್ಲಿ ಬೇಸಿಗೆ ಒಣ. ಬೂಷ್ಟಿನ ಕಾಲ ಜುಲೈಯಿಂದ ಅಕ್ಟೋಬರು. ಆರ್ದ್ರತೆ ಶೇ. 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ನಾಲ್ಕುನೂರು ಐನೂರು ರೂಪಾಯಿಯ ಆರ್ದ್ರತಾ ಮಾಪಕವನ್ನು ಕೋಣೆಯ ಒಳಮೂಲೆಯಲ್ಲಿಟ್ಟು ವಾರಕ್ಕೆರಡು ಸಲ ಬರೆದಿಡಿ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಹಳೆಯ ಕಟ್ಟಡಗಳಲ್ಲಿ ಗೋಡೆಯೇ ನೀರು ಹೀರುತ್ತದೆ. ಅಲ್ಲಿ ರ್‍ಯಾಕನ್ನು ಗೋಡೆಯಿಂದ 30 ಸೆಂ.ಮೀ. ಸರಿಸಿ. ಬೇರೆಡೆ 20 ಸಾಕು. ಕೆಳಗಿನ ಅಂತಸ್ತು ನೆಲದಿಂದ 15 ಸೆಂ.ಮೀ. ಮೇಲಿರಲಿ, ಎರಡು ಸಾಲುಗಳ ನಡುವೆ 90 ಸೆಂ.ಮೀ. ದಾರಿ ಇರಲಿ.

ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ; ಅದರ ಜೊತೆ ನೆಲದ ಶಹಾಬಾದ್ ಫರಸಿಯ ಸಂದುಗಳೂ ಬಾಯಿಬಿಡುತ್ತವೆ. ಗೆದ್ದಲು ಬರುವುದು ಆ ಸಂದಿನಿಂದಲೇ. ಮರದ ಕಪಾಟು ಇಡಬೇಡಿ. ಕಬ್ಬಿಣದ ರ್‍ಯಾಕಿಟ್ಟರೂ ಗೆದ್ದಲು ಗೋಡೆಯ ಮೇಲೆ ಮಣ್ಣಿನ ನಾಳ ಕಟ್ಟಿಕೊಂಡು ಹತ್ತುತ್ತದೆ. ಮುಂಗಾರಿನ ಮೊದಲ ಮಳೆಯಾದ ವಾರ ಬ್ಯಾಟರಿ ಹಿಡಿದು ಗೋಡೆ-ನೆಲ ಕೂಡುವ ಅಂಚನ್ನು ಸುತ್ತಲೂ ನೋಡಿ. ನಾಳ ಕಂಡರೆ ಕೆರೆದು ಸುಮ್ಮನಾಗಬೇಡಿ, ಪರವಾನಗಿ ಇರುವವರಿಂದ ನೆಲಕ್ಕೆ ರಂಧ್ರ ಕೊರೆದು ಔಷಧ ಹಾಕಿಸಿ, ಸಂದುಗಳನ್ನು ಸಿಮೆಂಟಿನಿಂದ ತುಂಬಿಸಿ. ಔಷಧವನ್ನು ಕಾಗದದ ಮೇಲೆ ಸಿಂಪಡಿಸುವುದು ಬೇಡವೇ ಬೇಡ.

ಕಟ್ಟುವ ಮೊದಲು ಗುಂಡುಸೂಜಿ, ಸ್ಟೇಪಲ್ ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಿರಿ. ತುಕ್ಕು ಮೊದಲು ಸೂಜಿಯ ಸುತ್ತ ಕಾಗದವನ್ನು ತಿನ್ನುತ್ತದೆ. ಶಾಶ್ವತ ಕಡತಕ್ಕೆ ಹತ್ತಿಯ ದಾರ, ಆಮ್ಲರಹಿತ ರಟ್ಟಿನ ಪೆಟ್ಟಿಗೆ. ಹರಿದ ಪುಟಕ್ಕೆ ಸೆಲ್ಲೋಟೇಪು ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡ. ತೆಳು ಟಿಶ್ಯೂ ಕಾಗದ ಮತ್ತು ಮೈದಾ ಅಥವಾ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಅಂಟು ಸಾಕು, ನೀರು ಹಚ್ಚಿದರೆ ಬಿಡಿಸಲು ಬರುತ್ತದೆ. ಫ್ಯಾಕ್ಸಿನ ಉಷ್ಣಕಾಗದದ ಅಕ್ಷರ ಇಲ್ಲಿನ ಬಿಸಿಗೆ ಬೇಗ ಮಾಸುತ್ತದೆ. ಹಳೆಯ ಕಡತದಲ್ಲಿ ಅಂಥದ್ದು ಉಳಿದಿದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ ಜೊತೆಗಿಡಿ.

ಪಕ್ಕದ ಕೋಣೆಯಲ್ಲಿ ಏನಿದೆ ಎಂದೂ ನೋಡಿ. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ ತನ್ನ ಗ್ರಂಥಭಂಡಾರಕ್ಕೆ ಹೆಸರಾಗಿತ್ತು. ಅಲ್ಲೇ ಮದ್ದು ಶೇಖರಿಸಿಟ್ಟದ್ದು 1696ರಲ್ಲಿ ಸಿಡಿದು ಕಟ್ಟಡದ ಒಂದು ಭಾಗವೇ ಹೋಯಿತು. ಇವತ್ತಿನ ಮದ್ದು ಎಂದರೆ ಜನರೇಟರಿನ ಡೀಸೆಲ್ ಡಬ್ಬಿ, ರಸಾಯನಶಾಸ್ತ್ರ ವಿಭಾಗದ ದ್ರಾವಕಗಳು, ಕ್ಯಾಂಟೀನಿನ ಸಿಲಿಂಡರು. ವಿದ್ಯುತ್ ಸ್ವಿಚ್ಚು ಬಾಗಿಲ ಹೊರಗಿರಲಿ, ಸಂಜೆ ಬೀಗ ಹಾಕುವಾಗ ಮೇನ್ ಆರಿಸಿ, ಬಾಗಿಲ ಬಳಿ ಇಂಗಾಲದ ಡೈಆಕ್ಸೈಡ್ ಅಗ್ನಿಶಾಮಕ ಇರಲಿ.

ನೀರು ನುಗ್ಗಿದರೆ ಕೈಯಲ್ಲಿರುವುದು 48 ಗಂಟೆ. ಆಮೇಲೆ ಬೂಷ್ಟು. 2020ರ ಅಕ್ಟೋಬರಿನಂತೆ ಭೀಮೆ ಉಕ್ಕುವವರೆಗೆ ಕಾಯಬೇಕಿಲ್ಲ, ಮೇಲಿನ ನೀರಿನ ಟಾಕಿಯ ಒಂದು ಪೈಪು ಒಡೆದರೂ ಸಾಕು. ಒದ್ದೆ ವಹಿಯನ್ನು ತೆರೆಯಲು ಹೋಗಬೇಡಿ, ಮುಚ್ಚಿದಂತೆಯೇ ಎತ್ತಿ ಪ್ಲಾಸ್ಟಿಕ್ ಕ್ರೇಟಿನಲ್ಲಿ ಬೆನ್ನು ಕೆಳಗಾಗಿ ಇಡಿ. ಮೊದಲು ಲೆಡ್ಜರು ಮತ್ತು ಶಾಯಿಪೆನ್ನಿನಲ್ಲಿ ಬರೆದವು. ಬಾಲ್‌ಪೆನ್ನಿನವು ಒಂದು ದಿನ ತಡೆಯುತ್ತವೆ. ಒಣಗಿಸಲು ಕೂತಾಗ ಮಾತ್ರ ತೆರೆದು, ಪ್ರತಿ ಇಪ್ಪತ್ತು ಪುಟಕ್ಕೊಂದು ಅಚ್ಚಿಲ್ಲದ ಬಿಳಿಕಾಗದ ಸೇರಿಸಿ, ಎರಡು-ಮೂರು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಗಾಳಿ ನೇರವಾಗಿ ಬೀಳದಂತೆ ಒಣಗಿಸಿ. ಬಿಸಿಲಿಗೆ ಹರವಿದರೆ ಕಾಗದ ಸೊಟ್ಟಗಾಗಿ ಶಾಯಿ ಮಾಸುತ್ತದೆ.

ಸ್ಕ್ಯಾನು, ಹಳೆಯ ಫೈಲು, ನುಡಿ ಅಕ್ಷರ

ಲೆಡ್ಜರು ಸ್ಕ್ಯಾನಿಗೆ 300 ಡಿಪಿಐ, ಗ್ರೇಸ್ಕೇಲ್. ಕೆಂಪು ಶಾಯಿಯ ತಿದ್ದುಪಡಿಗಳಿದ್ದರೆ ಬಣ್ಣದಲ್ಲೇ ಮಾಡಿ, ಇಲ್ಲದಿದ್ದರೆ ತಿದ್ದಿದ್ದು ಯಾವುದು, ಮೂಲ ಯಾವುದು ತಿಳಿಯದು. ಎ3 ಪುಟವೊಂದು ಗ್ರೇಸ್ಕೇಲಿನಲ್ಲಿ ಗಾತ್ರ ಕುಗ್ಗಿಸದ ಟಿಫ್ ಆಗಿ ಸುಮಾರು 17 ಎಂಬಿ. 500 ಪುಟದ ವಹಿಗೆ 9 ಜಿಬಿಯ ಹತ್ತಿರ. ಮೂಲಪ್ರತಿ ಟಿಫ್, ಬಳಕೆಯ ಪ್ರತಿ ಪಿಡಿಎಫ್/ಎ (ದೀರ್ಘಕಾಲ ಕಾಪಿಡಲೆಂದೇ ಇರುವ ಪಿಡಿಎಫ್). ಬಿಡಿಸಿದರೆ ಒಡೆಯುವ ಬೈಂಡಿಂಗಿಗೆ ಮೇಲಿನಿಂದ ಚಿತ್ರ ತೆಗೆಯುವ ಓವರ್‌ಹೆಡ್ ಸ್ಕ್ಯಾನರೇ ಬೇಕು. ಗುತ್ತಿಗೆದಾರರ ಕೆಲಸ ಒಪ್ಪಿಕೊಳ್ಳುವ ಮೊದಲು ವಹಿಯ ಪುಟಸಂಖ್ಯೆ ಮತ್ತು ಚಿತ್ರಗಳ ಸಂಖ್ಯೆ ತಾಳೆ ನೋಡಿ. ಎರಡು ಪುಟ ಒಟ್ಟಿಗೆ ಮಗುಚಿ ಹೋಗುವುದೇ ಅತಿ ಸಾಮಾನ್ಯ ತಪ್ಪು.

ಸೂಚಿಯನ್ನು ಹೆಸರಿನ ಮೇಲೆ ಕಟ್ಟಬೇಡಿ. ಶರಣಬಸಪ್ಪ, ಶರಣಬಸವಪ್ಪ, ಶರಣಪ್ಪ ಒಬ್ಬರೇ ಇರಬಹುದು. ಇಂಗ್ಲಿಷಿನಲ್ಲಿ ಬರೆದಾಗ ಒಂದೇ ಹೆಸರು ನಾಲ್ಕು ರೂಪ ತಾಳುತ್ತದೆ. ನೋಂದಣಿ ಸಂಖ್ಯೆಯೊಂದೇ ಕೂಡ ಸಾಲದು, ಹಳೆಯ ವ್ಯವಸ್ಥೆಯಲ್ಲಿ ಸಂಖ್ಯೆಗಳು ಪ್ರತಿ ಪರೀಕ್ಷೆಗೂ ಒಂದರಿಂದ ಶುರುವಾಗಿರಬಹುದು. ಕೋರ್ಸು, ಪರೀಕ್ಷೆಯ ತಿಂಗಳು-ವರ್ಷ, ಕಾಲೇಜು ಸಂಕೇತ, ನೋಂದಣಿ ಸಂಖ್ಯೆ, ವಹಿ ಸಂಖ್ಯೆ, ಪುಟ: ಈ ಆರು ಕಾಲಂ ಇದ್ದರೆ ಯಾರಾದರೂ ಹುಡುಕಬಹುದು. ಊರಿನ ಹೆಸರಿಗೆ ಗುಲ್ಬರ್ಗಾ, ಕಲಬುರಗಿ ಎರಡನ್ನೂ ಇಡಿ. ಹೆಸರು ಬದಲಾದದ್ದು 1-11-2014ರಂದು. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ, ಅದಕ್ಕೂ ಹಿಂದಿನ ಕಾಗದದಲ್ಲಿ ಶಹಾಪುರ, ಸುರಪುರ ಗುಲ್ಬರ್ಗಾ ಜಿಲ್ಲೆಯಲ್ಲೇ ಇರುತ್ತವೆ.

1990ರ ದಶಕದ ಫಲಿತಾಂಶಗಳು ಫಾಕ್ಸ್‌ಪ್ರೊ ಡಿಬಿಎಫ್ ಫೈಲುಗಳಲ್ಲಿ ಸಿಗುತ್ತವೆ. ತೆರೆಯುವುದು ಕಷ್ಟವಲ್ಲ, ಒಳಗೆ ಎಂ1, ಎಂ2, ಎಂ3 ಎಂದಷ್ಟೇ ಇದ್ದು ಯಾವುದು ಯಾವ ಪತ್ರಿಕೆ ಎಂಬ ಕೀಲಿ ಕಳೆದಿರುತ್ತದೆ. ಸಿಎಸ್‌ವಿಗೆ ಪರಿವರ್ತಿಸುವಾಗ ಆ ವರ್ಷದ ಮುದ್ರಿತ ಲೆಡ್ಜರಿನ ಮೊದಲ ಪುಟದಿಂದ ವಿಷಯ ಸಂಕೇತ ಹೊಂದಿಸಿ, ಪ್ರತ್ಯೇಕ ಟಿಪ್ಪಣಿಯಾಗಿ ಜೊತೆಗಿಡಿ. ಯುನಿಕೋಡಿಗಿಂತ ಹಿಂದಿನ ನುಡಿ, ಬರಹ ಅಕ್ಷರಗಳಲ್ಲಿ ಟೈಪಾದ ನಡವಳಿಗಳು ಹೊಸ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣುತ್ತವೆ. ಪರಿವರ್ತಕ ಬಳಸಿ ಯುನಿಕೋಡಿಗೆ ತನ್ನಿ, ಆದರೆ ಅರ್ಕಾವೊತ್ತು, ಒತ್ತಕ್ಷರ ಎಡವುತ್ತವೆ. ಸಹಿಯಾದ ಮುದ್ರಿತ ಪ್ರತಿಯ ಜೊತೆ ಇಪ್ಪತ್ತು ಸಾಲಿಗೊಂದು ತಾಳೆ ನೋಡಿ. ಮೂಲ ಫೈಲನ್ನು ಅಳಿಸಬೇಡಿ.

ರಾಜ್ಯದ ವಿಶ್ವವಿದ್ಯಾಲಯಗಳ ಏಕೀಕೃತ ಪೋರ್ಟಲ್ ಯುಯುಸಿಎಂಎಸ್ ಬಂದ ಮೇಲಿನ ಫಲಿತಾಂಶಗಳು ವಿಶ್ವವಿದ್ಯಾಲಯದ ಸ್ವಂತ ಯಂತ್ರದಲ್ಲಿಲ್ಲ. ಪ್ರತಿ ಸೆಮಿಸ್ಟರು ಮುಗಿದ ಮೇಲೆ, ಮರುಮೌಲ್ಯಮಾಪನವೂ ಸೇರಿದ ಅಂತಿಮ ಲೆಡ್ಜರನ್ನು ಇಳಿಸಿಕೊಂಡು, ಡಿಜಿಟಲ್ ಸಹಿ ಹಾಕಿ, ಒಂದು ಪ್ರತಿ ಮುದ್ರಿಸಿ ಬೈಂಡ್ ಮಾಡಿಸಿ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ (ಫೈಲು ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ) ತೆಗೆದು ಪಟ್ಟಿಯಲ್ಲಿ ಬರೆಯಿರಿ. 1-7-2024ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದ ಪ್ರಮಾಣಪತ್ರದಲ್ಲಿ ಅದನ್ನು ಕೇಳುತ್ತಾರೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಹತ್ತು ಫೈಲು ತೆಗೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬೇಡಿ.

ನಾಶ ಮಾಡುವುದು

ಮೊದಲು ಪಟ್ಟಿ: ಕಡತ ಸಂಖ್ಯೆ, ಶೀರ್ಷಿಕೆ, ವರ್ಗ, ಮುಕ್ತಾಯದ ದಿನ, ಅವಧಿ ಮುಗಿದ ದಿನ. ಅದು ಆಯಾ ವಿಭಾಗಕ್ಕೆ, ಹಣಕಾಸು ಅಧಿಕಾರಿಗೆ, ಕಾನೂನು ಕೋಶಕ್ಕೆ ಹೋಗಿ ಮೂರು ಕಡೆಯಿಂದ ‘ಅಡ್ಡಿಯಿಲ್ಲ’ ಬರಬೇಕು. ಆಮೇಲೆ ಸಮಿತಿ, ಕುಲಸಚಿವರ ಆದೇಶ. ರಾಜ್ಯ ವಿಶ್ವವಿದ್ಯಾಲಯಗಳು ಹಳೆಯ ದಾಖಲೆಗಳ ಬಗ್ಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು ಕೇಳದೆ ಮುಂದುವರಿಯಬಾರದು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರದ ಶಾಸನಬದ್ಧ ಸಂಸ್ಥೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವಿದೆ. ಅದನ್ನು ಮೀರಿ ನಾಶ ಮಾಡಿದರೆ ಐದು ವರ್ಷದವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ.

ಉತ್ತರಪತ್ರಿಕೆ, ಅರ್ಜಿಗಳನ್ನು ಇಡಿಯಾಗಿ ರದ್ದಿಯವರಿಗೆ ತೂಗಿ ಕೊಡಬೇಡಿ. ವಾರದೊಳಗೆ ಮಿರ್ಚಿ ಭಜಿ ಕಟ್ಟಿಕೊಡುವ ಕಾಗದವಾಗಿ, ನೋಂದಣಿ ಸಂಖ್ಯೆಯ ಸಮೇತ, ಬಸ್ ಸ್ಟ್ಯಾಂಡಿನಲ್ಲಿ ಕಾಣುತ್ತದೆ. ಕಾಗದ ಕಾರ್ಖಾನೆಗೆ ಒಪ್ಪಂದ ಮಾಡಿ, ಸಮಿತಿಯ ಇಬ್ಬರು ಲಾರಿಯ ಜೊತೆ ಹೋಗಿ, ತಿರುಳಿನ ತೊಟ್ಟಿಗೆ ಬೀಳುವುದನ್ನು ನೋಡಿ, ತೂಕದ ಚೀಟಿ ತರಬೇಕು. ಹೊರಡುವಾಗಿನ ತೂಕಕ್ಕೂ ಅಲ್ಲಿಯ ತೂಕಕ್ಕೂ ವ್ಯತ್ಯಾಸ ಬಂದರೆ ಅಲ್ಲೇ ಬರೆಸಿಕೊಳ್ಳಿ. ಕಡಿಮೆ ಪ್ರಮಾಣದ ವೈಯಕ್ತಿಕ ಕಾಗದಕ್ಕೆ ಅಡ್ಡ-ಉದ್ದ ಕತ್ತರಿಸುವ ಪಿ-4 ದರ್ಜೆಯ ಶ್ರೆಡ್ಡರು ಸಾಕು. ಬರೀ ಪಟ್ಟಿ ಪಟ್ಟಿಯಾಗಿ ಕತ್ತರಿಸುವುದನ್ನು ತಾಳ್ಮೆಯಿದ್ದವರು ಜೋಡಿಸಿಯಾರು. ಹಾಳಾದ ಖಾಲಿ ಅಂಕಪಟ್ಟಿ, ಹೋಲೋಗ್ರಾಮುಗಳನ್ನು ಕ್ರಮಸಂಖ್ಯೆವಾರು ಎಣಿಸಿ, ಬೇರೆಯಾಗಿ, ಪರೀಕ್ಷಾ ವಿಭಾಗದ ಆವರಣದಲ್ಲೇ ನಾಶ ಮಾಡಿ. ನಾಶದ ರಿಜಿಸ್ಟರು ಮಾತ್ರ ಎ ವರ್ಗ.

ಕೊಡುವಾಗ, ಬಿಡುವಾಗ

ರೆಕಾರ್ಡ್ ರೂಮಿನಿಂದ ಕಡತ ಹೊರಹೋದರೆ ಅದರ ಜಾಗದಲ್ಲಿ ಒಂದು ರಟ್ಟಿನ ಚೀಟಿ ನಿಲ್ಲಬೇಕು: ಯಾರು, ಯಾವ ದಿನ, ಯಾವ ಕಾರಣಕ್ಕೆ. ಹದಿನೈದು ದಿನಕ್ಕೆ ಜ್ಞಾಪನ, ತಿಂಗಳಿಗೆ ಕುಲಸಚಿವರ ಗಮನಕ್ಕೆ. ಲೆಡ್ಜರು ಮಾತ್ರ ಹೊರಗೆ ಹೋಗಕೂಡದು. ಪರಿಶೀಲಿಸುವವರೇ ಒಳಗೆ ಬರಲಿ, ನ್ಯಾಯಾಲಯಕ್ಕೆ ಬೇಕಾದರೆ ದೃಢೀಕೃತ ಪ್ರತಿ ಹೋಗಲಿ. ಮೂಲವನ್ನೇ ಕೇಳಿದರೆ ಅಧಿಕಾರಿಯೊಬ್ಬರು ಹಿಡಿದುಕೊಂಡು ಹೋಗಿ, ತೋರಿಸಿ, ಅದೇ ದಿನ ವಾಪಸು ತರಬೇಕು.

ವಿಷಯ ನಿರ್ವಾಹಕರು ವರ್ಗವಾದಾಗ, ನಿವೃತ್ತರಾದಾಗ ಚಾರ್ಜ್ ಪಟ್ಟಿಯಲ್ಲಿ ‘ಕಪಾಟು 2, ಬೀಗದ ಕೈ 3’ ಎಂದಷ್ಟೇ ಇದ್ದರೆ ಒಪ್ಪಿಕೊಳ್ಳಬೇಡಿ. ಚಾಲ್ತಿ ಕಡತಗಳ ಪಟ್ಟಿ, ಹೊರಗೆ ಹೋಗಿರುವ ಕಡತಗಳ ಪಟ್ಟಿ, ಕೆಂಪು ಚೀಟಿಯವು, ಕಂಪ್ಯೂಟರಿನಲ್ಲಿರುವ ಫೋಲ್ಡರುಗಳು, ವಿಭಾಗದ ಹೆಸರಿನ ಇಮೇಲ್ ಮತ್ತು ಪೋರ್ಟಲ್ ಲಾಗಿನ್ನುಗಳು, ಡಿಜಿಟಲ್ ಸಹಿಯ ಟೋಕನ್ನು, ಎಲ್ಲ ಬೇಕು. ಸ್ವಂತ ಇಮೇಲಿನಲ್ಲಿ ಬಂದ ಕಚೇರಿ ಪತ್ರಗಳನ್ನು ಅದೇ ದಿನ ವಿಭಾಗದ ಖಾತೆಗೆ ಕಳಿಸಿ ಕಡತಕ್ಕೆ ಸೇರಿಸಬೇಕು. ಪಟ್ಟಿಯ ಪ್ರಕಾರ ಹತ್ತು ಕಡತಗಳನ್ನು ಎತ್ತಿ ಕೈಯಲ್ಲಿ ಹಿಡಿದು ನೋಡಿ. ಹತ್ತರಲ್ಲಿ ಒಂದು ಸಿಗದಿದ್ದರೂ ಪೂರ್ತಿ ಪಟ್ಟಿಯನ್ನು ತಾಳೆ ಹಾಕಿದ ಮೇಲೆಯೇ ಸಹಿ ಮಾಡಿ.